ಮುಟ್ಟಿದ್ದು ಕಣ್ಣಿಗೆ ಗೊತ್ತಾಯಿತು

ಕಾಲು ತೊಳೆಸಿಕೊಳ್ಳಲು ಹೋಗುವವರು ಮನೆಯಲ್ಲೇ ಕಾಲು ತಿಕ್ಕಿ ತೊಳೆದುಕೊಂಡು ಹೋಗುತ್ತಾರೆ. ನಮ್ಮ ಚರ್ಚಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಶುಭ ಶುಕ್ರವಾರದ ಹಿಂದಿನ ಸಂಜೆ ಪಾಸ್ಟರು ಹನ್ನೆರಡು ಮಂದಿಯನ್ನು ಕುರ್ಚಿಯ ಮೇಲೆ ಸಾಲಾಗಿ ಕೂರಿಸಿ ಅವರ ಕಾಲು ತೊಳೆಯುತ್ತಾರೆ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ. ಪಾಸ್ಟರು ಓದಿದವರು, ಬಿಳಿ ನಿಲುವಂಗಿ ಹಾಕಿರುತ್ತಾರೆ. ಅವರ ಕೈಗೆ ನಮ್ಮ ಹೊಲಸು ಹತ್ತಬಾರದು ಎಂದು ಆ ಹನ್ನೆರಡು ಮಂದಿ ಮಧ್ಯಾಹ್ನದಿಂದಲೇ ಬಚ್ಚಲು ಹಿಡಿದು ಕೂತಿರುತ್ತಾರೆ. ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದವರನ್ನೂ ನಾನು ನೋಡಿದ್ದೇನೆ.

ಆ ವರ್ಷ ಹನ್ನೆರಡರಲ್ಲಿ ನನ್ನ ಹೆಸರಿತ್ತು. ನನ್ನ ಹೆಸರು ಕೃಪಮ್ಮ. ಊರು ಯಾದಗಿರಿ ಕಡೆ, ಇರುವುದು ಹೈದರಾಬಾದಿನ ಸನತ್‌ನಗರದಲ್ಲಿ. ಮಾದಾಪುರದ ಕಡೆ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದಾಗ ಕಾಂಕ್ರೀಟ್ ಬುಟ್ಟಿ ಹೊತ್ತವಳು ನಾನು. ಮೊಮ್ಮಗಳು ಹುಟ್ಟಿದ ಮೇಲೆ ಬುಟ್ಟಿ ಇಳಿಸಿದೆ. ಈಗ ಅಂಥ ಒಂದು ಕಟ್ಟಡದಲ್ಲಿ ನನ್ನ ಸೊಸೆ ಸರೋಜ ನೆಲ ಒರೆಸುತ್ತಾಳೆ. ಅಲ್ಲಿ ರಾತ್ರಿಯೆಲ್ಲ ಫೋನಿನಲ್ಲಿ ಇಂಗ್ಲಿಷ್ ಮಾತಾಡುವ ಹುಡುಗ ಹುಡುಗಿಯರನ್ನು ಮಗ ದಾಸ ಗಾಡಿಯಲ್ಲಿ ತಂದು ಬಿಡುತ್ತಾನೆ. ಮನೆಯಲ್ಲಿ ಇಬ್ಬರೂ ಎಚ್ಚರ ಇರುವ ಹೊತ್ತು ಕಡಿಮೆ. ಮೊಮ್ಮಗಳು ಗ್ರೇಸಿಗೆ ಉಣಿಸಿ ಶಾಲೆಗೆ ಕಳಿಸುವುದು ನನ್ನ ಕೆಲಸ.

ಬುಟ್ಟಿ ಹೊತ್ತ ವರ್ಷಗಳಲ್ಲಿ ನನಗೆ ಒಂದು ಹೆಸರಿತ್ತು. ಚಪ್ಪಲಿ ಹರಿದ ದಿನ ಬಿಸಿಲಿಗೆ ಕಾದ ಸ್ಲ್ಯಾಬಿನ ಮೇಲೆ ಉಳಿದ ಹೆಣ್ಣುಮಕ್ಕಳು ಕುಣಿದು ಕುಣಿದು ನಡೆಯುತ್ತಿದ್ದರೆ ನಾನು ಆರಾಮವಾಗಿ ಹೋಗುತ್ತಿದ್ದೆ. "ಕೃಪಮ್ಮಂದು ಕಬ್ಬಿಣದ ಕಾಲು" ಎಂದು ಮೇಸ್ತ್ರಿ ಎಲ್ಲರೆದುರು ಹೇಳುತ್ತಿದ್ದ. ನಾನೂ ಹಾಗೇ ಅಂದುಕೊಂಡಿದ್ದೆ.

ಆ ಗುರುವಾರ ನಾನು ಬಚ್ಚಲಲ್ಲಿ ಬೋಗುಣಿ ಇಟ್ಟುಕೊಂಡು ಕಾಲುಜ್ಜುವ ಕಲ್ಲು ಹಿಡಿದು ಕೂತೆ. ಅಂಗಾಲಿನ ದಪ್ಪ ಚರ್ಮ ಹೋಗಬೇಕು ಎಂದು ಜೋರಾಗಿ ತಿಕ್ಕಿದೆ. ಸರೋಜ ಕೊಡ ತುಂಬಿಸಲು ಬಂದವಳು ನಿಂತುಬಿಟ್ಟಳು.

"ಅತ್ತಿ, ನೀರು ಕೆಂಪಗಾಗ್ಯಾವ."

"ಕಲ್ಲಿನ ಬಣ್ಣ ಬಿಟ್ಟಿರಬೇಕು."

"ಕಲ್ಲು ಕರೀದೈತಿ. ರಕ್ತ ಅದು."

"ಯಾರದು?"

"ಬೋಗುಣ್ಯಾಗ ಯಾರ ಕಾಲೈತಿ ನೋಡ್ರಿ."

ನೋಡಿದೆ. ಹೆಬ್ಬೆರಳ ಕೆಳಗೆ ಅಂಗಾಲಿನಲ್ಲಿ ತೂತು ಬಿದ್ದಿತ್ತು. ಒಳಗಿನ ಮಾಂಸ ಕಾಣುತ್ತಿತ್ತು. ಇರುವೆ ಕಚ್ಚಿದಷ್ಟೂ ನೋವಿಲ್ಲ. ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಆಶ್ಚರ್ಯ. ನನ್ನದೇ ಕಾಲು, ನಾನೇ ತಿಕ್ಕಿದ್ದು, ನನಗೆ ಸುದ್ದಿ ಬಂದದ್ದು ಸೊಸೆಯ ಬಾಯಿಂದ.

ಬಟ್ಟೆ ಸುತ್ತಿಕೊಂಡು ಚರ್ಚಿಗೆ ಹೊರಟೆ. ದಾಸ ಬಾಗಿಲಿಗೆ ಅಡ್ಡ ನಿಂತ. ನನ್ನ ಕುರ್ಚಿಯಲ್ಲಿ ಬೇರೆ ಯಾರನ್ನೋ ಕೂರಿಸಿದರಂತೆ.

ಮೊದಲು ತೋರಿಸಿದ ಡಾಕ್ಟರು ಆಣಿ ಎಂದರು. ಮುಲಾಮು ಹಚ್ಚಿದರೂ ಗಾಯ ಅಗಲವಾಗುತ್ತಲೇ ಹೋಯಿತು. ಎರಡನೆಯವರು ಗಾಯವನ್ನು ಕಡ್ಡಿಯಿಂದ ಕೆದಕುತ್ತ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ. "ನೊಪ್ಪಿ ಲೇದಾ ಅಮ್ಮಾ?" ನೋವಿಲ್ಲವೇ ಎಂದು ಕೇಳಿ, ಇಲ್ಲ ಎಂದದ್ದಕ್ಕೆ ಊರ ಹೊರಗಿನ ಒಂದು ಮಿಷನ್ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗಲೇ ನನಗೆ ಅರ್ಧ ತಿಳಿಯಿತು. ಎದುರಿಗೆ ಕೂತ ಗಂಡಸಿನ ಬೆರಳು ಮಡಚಿ ಹೋಗಿದ್ದವು. ಅದೇ ಬೆರಳ ಸಂದಿಯಲ್ಲಿ ಬೀಡಿ ಸಿಕ್ಕಿಸಿಕೊಂಡು, ಸಿಸ್ಟರ್ ಬರುತ್ತಾಳೋ ಎಂದು ಬಾಗಿಲು ನೋಡುತ್ತಿದ್ದ. ಸರೋಜಳಿಗೂ ತಿಳಿದಿತ್ತು. ಅವಳು ಡಬ್ಬಿ ತೆಗೆದು ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟಳು. ಉಳಿದ ತುಂಡನ್ನು ತಾನು ತಿಂದಳು. ಆ ದಿನದ ಮಟ್ಟಿಗೆ ಅಷ್ಟೇ ಸಮಾಧಾನ ಎಂದು ಈಗ ಅನಿಸುತ್ತದೆ, ಆಗ ಹಸಿವೆಯಷ್ಟೇ ನೆನಪಿತ್ತು.

ಡಾಕ್ಟರಮ್ಮ ಚಿಕ್ಕವಯಸ್ಸಿನವಳು. ನನ್ನನ್ನು ಮಲಗಿಸಿ, ಕಣ್ಣು ಮುಚ್ಚಿಕೊ, ನಾನು ಮುಟ್ಟಿದ ಜಾಗವನ್ನು ಬೆರಳಿಟ್ಟು ತೋರಿಸು ಎಂದು ತೆಲುಗಿನಲ್ಲಿ ಹೇಳಿದಳು. ನಾನು ಕಣ್ಣು ಮುಚ್ಚಿ ಕಾದೆ. ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಬಹಳ ಹೊತ್ತು ಕಾದ ಮೇಲೆ ಬೇಜಾರಾಗಿ ಹೇಳಿದೆ:

"ಶುರು ಮಾಡ್ರಿ ಅಮ್ಮ. ನಮಗ ಬಸ್ಸಿಗೆ ಹೊತ್ತಾಗತೈತಿ."

ಸರೋಜಳ ದನಿ ತಲೆಯ ಹಿಂದಿನಿಂದ ಬಂತು. "ಅತ್ತಿ, ಅವ್ರು ಆಗಿಂದ ಮುಟ್ಟಾಕತ್ಯಾರ."

ಡಾಕ್ಟರಮ್ಮ ರೋಗದ ಹೆಸರನ್ನು ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು. ನಾನು ಕನ್ನಡದಲ್ಲಿ ಗಟ್ಟಿಯಾಗಿ ಕೇಳಿದೆ, "ಕುಷ್ಠ ಏನ್ರಿ?" ಅವಳಿಗೆ ಅರ್ಥವಾಗಿ ತಲೆ ಆಡಿಸಿದಳು. ಗುಳಿಗೆ ಇದೆ, ಒಂದು ವರ್ಷ ತಪ್ಪದೆ ತಿಂದರೆ ರೋಗ ಹೋಗುತ್ತದೆ, ಮೊದಲ ಗುಳಿಗೆ ತಿಂದ ಮೇಲೆ ಬೇರೆಯವರಿಗೆ ಅಂಟುವ ಹೆದರಿಕೆಯೂ ಹೋದಂತೆಯೇ ಎಂದಳು. ಸತ್ತ ನರ ಮಾತ್ರ ತಿರುಗಿ ಬರುವುದಿಲ್ಲ. ಗಾಯ ಕಾಯದಿದ್ದರೆ, ಎಲುಬಿಗೆ ಇಳಿದರೆ, ಕಾಲು ಉಳಿಯುವುದಿಲ್ಲ. ಎಂದೂ ಬರಿಗಾಲಲ್ಲಿ ನಡೆಯಬಾರದು, ಮನೆಯೊಳಗೂ. ನಾನು ಗ್ರೇಸಿಯ ಬಗ್ಗೆ ಕೇಳಿದೆ. ಮನೆಯವರೆಲ್ಲರನ್ನೂ ಕರೆತರಲು ಹೇಳಿದಳು. ಮುಂದಿನ ವಾರ ಮಗುವಿನ ಬೆನ್ನು, ಕೈ, ಕಾಲು ತಿರುಗಿಸಿ ತಿರುಗಿಸಿ ನೋಡಿ, ಏನೂ ಇಲ್ಲ ಎಂದರು. ಅಲ್ಲಿಯವರೆಗೆ ನಾನು ಆ ಮಗುವನ್ನು ಮುಟ್ಟಲಿಲ್ಲ. "ಅಜ್ಜಿ ಸಿಟ್ಟಾಗ್ಯಾಳ" ಎಂದು ಅದು ತನ್ನ ಅಪ್ಪನಿಗೆ ಚಾಡಿ ಹೇಳಿತ್ತು.

ಮನೆಗೆ ಬಂದವಳು ಮೊದಲು ಮಾಡಿದ್ದು ನನ್ನ ತಾಟು, ನನ್ನ ಗ್ಲಾಸು ಬೇರೆ ಇಟ್ಟದ್ದು. ಇದು ನನಗೆ ಬರದ ವಿದ್ಯೆಯಲ್ಲ. ನಾನು ಸಣ್ಣವಳಿದ್ದಾಗ ನಮ್ಮೂರ ಚಹಾದಂಗಡಿಯಲ್ಲಿ ನಮ್ಮ ಕೇರಿಯವರ ಗ್ಲಾಸು ಹೊರಗಿನ ಗೂಡಿನಲ್ಲಿರುತ್ತಿತ್ತು. ಕುಡಿದು, ತೊಳೆದು, ಅಲ್ಲೇ ಇಡಬೇಕು. ನಮ್ಮಪ್ಪ ಯೇಸುವಿನ ಕಡೆಗೆ ಬಂದದ್ದು ಆ ಗೂಡು ಸಾಕಾಗಿ. ಈಗ ನಾನು ನನ್ನ ಕೈಯಾರೆ ಅಂಥದೇ ಒಂದು ಗೂಡು ಮಾಡಿ ಒಲೆಯ ಪಕ್ಕದಲ್ಲಿಟ್ಟೆ.

ಎರಡು ದಿನ ಸರೋಜ ನೋಡಿದಳು. ಮೂರನೆಯ ದಿನ ನನ್ನ ತಾಟು ಎಲ್ಲರ ತಾಟಿನ ನಡುವೆ ಇತ್ತು. ನಾನು ತೆಗೆದೆ. ಅವಳು ಮತ್ತೆ ಸೇರಿಸಿದಳು.

"ಬ್ಯಾರೆ ಇರ್ಲಿ ಬಿಡವಾ," ಎಂದೆ.

"ದಿನಾ ಎರಡು ಸಲ ಭಾಂಡೆ ತೊಳ್ಯಾಕ ನನಗ ಪುರುಸೊತ್ತಿಲ್ಲ. ಡಾಕ್ಟರು ಹಿಡಿಯಂಗಿಲ್ಲ ಅಂದಾರ. ನೀವು ಡಾಕ್ಟರಕ್ಕಿಂತ ಶಾಣ್ಯಾರೇನು?"

ಇವಳು ಪ್ರಾರ್ಥನೆಯ ಮಧ್ಯೆ ನಿದ್ದೆ ಮಾಡುವವಳು. ಸುವಾರ್ತೆಯ ಒಂದು ಸಾಲೂ ಬಾಯಿಪಾಠವಿಲ್ಲ. ನನಗೆ ನಾಲ್ಕನೇ ಇಯತ್ತೆಯ ಓದಿನಲ್ಲೇ ಬಹಳ ಸಾಲು ಬರುತ್ತವೆ. ಆದರೂ ಗೂಡು ಕಟ್ಟಿದ್ದು ನಾನು, ಒಡೆದದ್ದು ಅವಳು. ಇದು ಹೇಗೆ ಎಂದು ನಾನು ಆಗಾಗ ಯೋಚಿಸುತ್ತೇನೆ.

ಕಾಲಿನದು ಇನ್ನೂ ಕಷ್ಟವಾಯಿತು. ದಿನಾ ನೀರಲ್ಲಿ ನೆನೆಸಿ, ಒರೆಸಿ, ಎಣ್ಣೆ ಹಚ್ಚಿ, ಅಂಗಾಲು ಪೂರ್ತಿ ನೋಡಬೇಕು. ನನ್ನ ಮೊಣಕಾಲು ಅಷ್ಟು ಮಡಚುವುದಿಲ್ಲ, ಕಣ್ಣೂ ಮಂಜು. ಕೆಲಸಕ್ಕೆ ಹೋಗುವ ಮೊದಲು ಸಮವಸ್ತ್ರ ಹಾಕಿಕೊಂಡೇ ಸರೋಜ ಮಣೆಯ ಮೇಲೆ ಕೂತು, "ಕಾಲು ಕೊಡ್ರಿ" ಎನ್ನುತ್ತಿದ್ದಳು. ಅತ್ತೆಯ ಕಾಲಿಗೆ ಸೊಸೆ ಬೀಳುವುದು ಬೇರೆ, ಸೊಸೆಯ ತೊಡೆಯ ಮೇಲೆ ಅತ್ತೆ ಕೊಳೆತ ಕಾಲು ಇಡುವುದು ಬೇರೆ. ನಾನು ಸೀರೆ ಎಳೆದು ಕಾಲು ಮುಚ್ಚಿಕೊಳ್ಳುತ್ತಿದ್ದೆ. ಆಗ ನನಗೆ ಪೇತ್ರನ ನೆನಪಾಯಿತು. ಸ್ವಾಮಿ ಕಾಲು ತೊಳೆಯಲು ಬಂದಾಗ, ನೀನು ನನ್ನ ಕಾಲು ಮುಟ್ಟಲೇಬೇಡ ಎಂದು ಹಟ ಹಿಡಿದವನು. ಚರ್ಚಿನಲ್ಲಿ ಕೇಳುವಾಗ ಅವನದು ಭಕ್ತಿ ಎಂದುಕೊಂಡಿದ್ದೆ. ನನ್ನ ಕಾಲಿಗೆ ಬಂದಾಗ ತಿಳಿಯಿತು, ಅದು ಬರೀ ಸೊಕ್ಕು. ಕೊಡುವವರ ಸಾಲಿನಲ್ಲಿ ನಿಂತು ರೂಢಿಯಾದವರಿಗೆ ಇಸಿದುಕೊಳ್ಳಲು ಕುತ್ತಿಗೆ ಬಗ್ಗುವುದಿಲ್ಲ.

"ಕೊಡ್ರಿ ಅತ್ತಿ, ಕಂಪನಿ ಬಸ್ಸು ಹೋಗತೈತಿ." ಕೊಟ್ಟೆ. ಅವಳು ಮೂಗು ಸಿಂಡರಿಸುತ್ತಿದ್ದಳು. ವಾಸನೆ ಇತ್ತು, ಸುಳ್ಳೇಕೆ ಹೇಳಲಿ.

ದಾಸ ಒಂದೇ ಮಾತು ಹೇಳಿದ. "ಅವ್ವ, ಮಂದಿಗೆ ಶುಗರ್ ಅಂತ ಹೇಳು." ಶುಗರ್ ಮರ್ಯಾದಸ್ಥರ ರೋಗ. ಅದು ಬಂದರೆ ಯಾರೂ ದೂರ ಕೂರುವುದಿಲ್ಲ. ಸರಿ ಎಂದು ಹಾಗೇ ಹೇಳಿದೆ. ಅಲ್ಲಿಂದ ನನ್ನ ಬಾಯಿಗೆ ಮಣ್ಣು ಬಿತ್ತು. ಸ್ತ್ರೀಯರ ಕೂಟದ ಮುಖ್ಯಸ್ಥೆ ಮಾರ್ತಮ್ಮ ನನಗೆ ಪ್ರತಿ ಭಾನುವಾರ ಹಾಗಲಕಾಯಿಯ ರಸ ತರತೊಡಗಿದಳು. ನಿಂತು ಕುಡಿಸಿಯೇ ಹೋಗುವಳು. ಕ್ರಿಸ್ಮಸ್ಸಿಗೆ ಎಲ್ಲರಿಗೂ ಕೇಕು ಬಂತು, ನನ್ನ ಮುಂದೆ ಬಂದ ತಟ್ಟೆ ಹಾಗೇ ದಾಟಿ ಹೋಯಿತು. ಗುಳಿಗೆಯಿಂದ ಮೈಬಣ್ಣ ಕಪ್ಪಾಗುತ್ತಿತ್ತು. ಅದಕ್ಕೂ ಅವಳು, "ಶುಗರ್ ಇದ್ದವ್ರು ಬಿಸಲಾಗ ಅಡ್ಡಾಡಬಾರ್ದು ಕೃಪಮ್ಮ" ಎಂದು ಬುದ್ಧಿ ಹೇಳಿದಳು. ಅವಳ ಪ್ರೀತಿಯೆಲ್ಲ ನನಗಿಲ್ಲದ ರೋಗಕ್ಕೆ ಹೋಗುತ್ತಿತ್ತು. ಇರುವ ರೋಗಕ್ಕೂ ಹೀಗೇ ಬರುತ್ತಿತ್ತೇ ಎಂದು ತಿಳಿಯುವ ಆಸೆ ನನ್ನನ್ನು ತಿನ್ನುತ್ತಿತ್ತು.

ಇನ್ನೊಂದು ತೊಡಕಿತ್ತು. ನಮ್ಮ ಚರ್ಚಿನಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ನನಗೆ ಆಸ್ಪತ್ರೆಯವರು ಮೆತ್ತನೆಯ ಕರಿ ರಬ್ಬರಿನ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಕೊಟ್ಟು, ಇದನ್ನು ಎಲ್ಲೂ ಬಿಚ್ಚಬೇಡ ಎಂದಿದ್ದರು. ಬಿಚ್ಚಿದರೆ ಕಾಲಿಗೆ ಅಪಾಯ, ಬಿಚ್ಚದಿದ್ದರೆ ಮರ್ಯಾದೆಗೆ. ಕೆಲವು ಭಾನುವಾರ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತೇ ಪಾಸ್ಟರ ಪ್ರಸಂಗ ಕೇಳಿದೆ. ಹತ್ತು ಮಂದಿ ಕುಷ್ಠರೋಗಿಗಳು ದೂರ ನಿಂತು ಸ್ವಾಮಿಯನ್ನು ಕೂಗಿದ ಕಥೆಯನ್ನು ಹಾಗೆ ಹೊರಗಿನಿಂದಲೇ ಕೇಳಿದೆ. ಗುಣವಾದ ಹತ್ತರಲ್ಲಿ ತಿರುಗಿ ಬಂದು ಉಪಕಾರ ನೆನೆದವನು ಒಬ್ಬನೇ. ಉಳಿದ ಒಂಬತ್ತು ಮಂದಿಗೆ ಉಪಕಾರ ಬುದ್ಧಿ ಇಲ್ಲ ಎಂದು ಪಾಸ್ಟರು ಬೈದರು. ನನಗೆ ಆ ಒಂಬತ್ತು ಮಂದಿಯ ಮೇಲೆ ಸಿಟ್ಟು ಬರಲಿಲ್ಲ. ಅವರು ನೆಟ್ಟಗೆ ಮನೆಗೆ ಓಡಿರಬೇಕು, ತಮ್ಮ ತಾಟು ಎಲ್ಲಿಟ್ಟಿದ್ದಾರೆ ನೋಡಲು.

ಚಪ್ಪಲಿಯ ತೊಡಕು ಬಿಡಿಸಿದ್ದು ಆಸ್ಪತ್ರೆಯ ಬೆಂಚಿನ ಮೇಲೆ ಸಿಕ್ಕ ಒಬ್ಬ ಮುದುಕ. ಎಲ್ಲರೂ ಅವನನ್ನು ಚಾಚಾ ಎನ್ನುತ್ತಿದ್ದರು. ನಾಂಪಲ್ಲಿ ಸ್ಟೇಷನ್ನಿನ ಹತ್ತಿರ ಹಣ್ಣು ಮಾರುವವನು. ಅವನಿಗೂ ಅದೇ ಕರಿ ಚಪ್ಪಲಿ.

"ನೀವು ಮಸೂತಿಗೆ ಹೆಂಗ ಹೋಗ್ತೀರಿ ಚಾಚಾ?" ಎಂದು ಕೇಳಿದೆ.

ಅವನು ಚೀಲದಿಂದ ಇನ್ನೊಂದು ಜೊತೆ ತೆಗೆದು ತೋರಿಸಿದ. ತಳಕ್ಕೆ ಒಂದು ಕಣ ಮಣ್ಣಿಲ್ಲ. "ಯೇ ಸಿರ್ಫ್ ಅಂದರ್ ಕೇ ವಾಸ್ತೆ." ಇದು ಒಳಗಡೆಗೆ ಮಾತ್ರ. ರಸ್ತೆ ಮುಟ್ಟುವುದೇ ಇಲ್ಲ. ಬಾಗಿಲಲ್ಲಿ ಹೊರಗಿನದು ಬಿಚ್ಚಿ ಇದನ್ನು ಹಾಕಿಕೊಳ್ಳುತ್ತಾನೆ.

"ಮಂದಿ ಏನೂ ಅನ್ನಂಗಿಲ್ಲೇನು?"

"ಅಂತಾರಮ್ಮ. ನಾನೂ ಅಂತೀನಿ, ನಿಮ್ಮ ಕಾಲು ಕೊಡ್ರಿ, ನನ್ನ ಚಪ್ಪಲಿ ತಗೋರಿ." ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಹೇಳಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

ನಾನೂ ಆಸ್ಪತ್ರೆಯ ಚಪ್ಪಲಿ ಹೊಲಿಯುವವನಿಗೆ ಹೇಳಿ ಇನ್ನೊಂದು ಜೊತೆ ಮಾಡಿಸಿಕೊಂಡೆ. ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೋಗಿ ಚರ್ಚಿನ ಬಾಗಿಲಲ್ಲಿ ಬದಲಿಸಿ ಒಳಗೆ ಬಂದೆ. ಶುಗರಿನ ಹೆಸರಿನಲ್ಲಿ ಅದೂ ನಡೆಯಿತು.

ಹಾಗೆ ವರ್ಷ ತಿರುಗಿತು. ಗಾಯ ಮುಚ್ಚಿತ್ತು, ಕಾಲು ಉಳಿದಿತ್ತು. ಕೊನೆಯ ಕೆಲವು ಗುಳಿಗೆ ಬಾಕಿ ಇದ್ದವು. ಆಗ ಪಾಸ್ಟರು, "ಹೋದ ವರ್ಷ ನಿಮ್ಮ ಕಾಲು ತೊಳೆಯೋದು ಉಳೀತು ಕೃಪಮ್ಮಾರ, ಈ ವರ್ಷ ಬರ್ರಿ" ಎಂದರು.

ಆ ವಾರವೆಲ್ಲ ಇದೇ ಯೋಚನೆ. ಸುಮ್ಮನೆ ಹೋಗಿ ಕೂತರೆ ಪಾಸ್ಟರು ತೊಳೆಯುವುದು ಶುಗರಿನ ಕಾಲು. ಮಾರ್ತಮ್ಮನ ಹಾಗಲಕಾಯಿಯ ಹಾಗೆ ಅದೂ ಬೇರೆ ಯಾರಿಗೋ ಸಂದ ಲೆಕ್ಕ. ಹೇಳಿದರೆ ಕುರ್ಚಿ ಹೋಗಬಹುದು, ಚರ್ಚಿನೊಳಗಿನ ಜಾಗವೂ ಹೋಗಬಹುದು, ಮತ್ತೆ ಮೆಟ್ಟಿಲೇ ಗತಿ. ದಾಸನಿಗೆ ಹೇಳಿದರೆ ಬೇಡ ಎನ್ನುತ್ತಾನೆ. ಸರೋಜಳನ್ನು ಕೇಳಿದೆ.

"ಹೇಳಿದ್ರ ಏನಾಗತೈತಿ?" ಎಂದಳು.

"ಹೊರಗ ಹಾಕಬಹುದು."

"ಹಾಕಿದ್ರ ಭಾನುವಾರ ನನಗ ಮನ್ಯಾಗ ಕೆಲಸಕ್ಕ ಆಗ್ತೀರಿ."

ಪಾಸ್ಟರ ಮನೆಗೆ ಹೋದೆ. ಅವರ ಹೆಂಡತಿ ಚಹಾ ತರುವ ಮೊದಲೇ ಹೇಳಿಬಿಟ್ಟೆ, ಗ್ಲಾಸು ಮುಟ್ಟಿದ ಮೇಲೆ ಹೇಳಿದರೆ ಮೋಸ ಎಂದು.

"ಹಿಡೀತದೇನ್ರಿ?" ಎಂದರು ಪಾಸ್ಟರು.

"ಗುಳಿಗಿ ತಿಂದ ಮ್ಯಾಲ ಹಿಡಿಯಂಗಿಲ್ಲ. ಆಸ್ಪತ್ರಿಗೆ ಫೋನ್ ಹಚ್ಚಿ ಕೇಳ್ರಿ."

"ಕೇಳ್ತೀನಿ," ಎಂದರು. ಕೇಳುವುದಿಲ್ಲ, ನಿಮ್ಮನ್ನು ನಂಬುತ್ತೇನೆ ಎನ್ನಲಿಲ್ಲ. ನನಗೆ ಅದು ಹಿಡಿಸಿತು. ಅಷ್ಟರಲ್ಲಿ ಚಹಾ ಬಂತು, ಎಲ್ಲರಿಗೂ ಒಂದೇ ಥರದ ಕಪ್ಪು. ಕುಡಿದೆ.

ಮರುದಿನ ಹೇಳಿಕಳಿಸಿದರು: ಬರ್ರಿ, ಕಡೇ ಕುರ್ಚಿಯಲ್ಲಿ ಕೂಡ್ರಿ. ಗುರುವಾರ ಸಂಜೆ ಚರ್ಚಿನ ಬಾಗಿಲಲ್ಲಿ ಅವರು ಸಿಕ್ಕಾಗ ಕೇಳಿದೆ, "ಕಡೇ ಕುರ್ಚಿ ಯಾಕ್ರಿ? ನನ್ನ ಮೊಣಕಾಲಿಗೆ ಅನುಕೂಲ ಅಂತೋ, ಹೆದರಿಕೀಗೋ?"

ಅವರು, "ಎರಡೂ" ಎಂದರು.

ಮಾರ್ತಮ್ಮನಿಗೆ ನಾನೇ ಹೇಳಿದ್ದೆ, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಮೇಲು ಎಂದು. ಅವಳ ಹೆಸರೂ ಹನ್ನೆರಡರಲ್ಲಿತ್ತು. ಅವಳು ನನ್ನ ಪಕ್ಕದ ಕುರ್ಚಿ ಬಿಟ್ಟು ಮೊದಲನೆಯದಕ್ಕೆ ಹೋಗಿ ಕೂತಳು. ಅವಳ ಕಾಲು ಅವಳದು.

ಪಾಸ್ಟರು ಒಬ್ಬೊಬ್ಬರ ಮುಂದೆ ಮಂಡಿಯೂರಿ ತೊಳೆಯುತ್ತ ಬಂದರು. ಈ ಸಲ ನಾನು ಮನೆಯಲ್ಲಿ ಕಲ್ಲು ಮುಟ್ಟಿರಲಿಲ್ಲ. ಕಾಯುತ್ತ ಕೂತಾಗ ಒಂದು ವರ್ಷದಿಂದ ತಲೆಯಲ್ಲಿದ್ದ ಪ್ರಶ್ನೆ ಮತ್ತೆ ಬಂತು. ಸುವಾರ್ತೆಯಲ್ಲಿ ಇನ್ನೊಬ್ಬ ಕುಷ್ಠರೋಗಿ ಇದ್ದಾನೆ. ಅವನನ್ನು ಸ್ವಾಮಿ ಕೈಚಾಚಿ ಮುಟ್ಟಿದ, ಆಮೇಲೆ ಅವನು ಗುಣವಾದ. ಮುಟ್ಟಿದ್ದು ಮೊದಲು, ಗುಣ ಆಮೇಲೆ. ಹಾಗಾದರೆ ಮುಟ್ಟಿದ ಗಳಿಗೆಯಲ್ಲಿ ಅವನ ಚರ್ಮ ಸತ್ತಿತ್ತು. ಸ್ವಾಮಿ ಕೈಯಿಟ್ಟದ್ದು ಅವನಿಗೆ ಹೇಗೆ ತಿಳಿಯಿತು? ಪ್ರಸಂಗ ಮಾಡುವವರು ಯಾರೂ ಇದನ್ನು ಹೇಳುವುದಿಲ್ಲ. ಅವರ ಚರ್ಮ ಚೆನ್ನಾಗಿದೆ.

ಪಾಸ್ಟರು ನನ್ನ ಮುಂದೆ ಬಂದರು. ನಾನು ಚಪ್ಪಲಿಯ ಪಟ್ಟಿ ಬಿಚ್ಚಿ ಕಾಲು ಕೊಟ್ಟೆ. ಎಲ್ಲರೂ ಇಂಥ ಹೊತ್ತಿನಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾರೆ. ನಾನು ಮುಚ್ಚಲಿಲ್ಲ. ಮುಚ್ಚಿದರೆ ಅವರು ಮುಟ್ಟಿದರೋ, ಬರೀ ನೀರು ಹೊಯ್ದರೋ ನನಗೆ ತಿಳಿಯುವ ದಾರಿಯೇ ಇಲ್ಲ. ಬಗ್ಗಿ ನೋಡಿದೆ. ನೀರು ಬಿತ್ತು. ಅವರ ಕೈ ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಅಂಗೈ ಪೂರ್ತಿ ನನ್ನ ಅಂಗಾಲಿಗೆ ಹತ್ತಿತು. ಗಾಯ ಮುಚ್ಚಿದ ಗುಳಿಯ ಮೇಲೆ ಅವರ ಹೆಬ್ಬೆರಳಿತ್ತು. ನನಗೆ ಏನೂ ತಿಳಿಯಲಿಲ್ಲ. ಕಣ್ಣಿಗೆ ಮಾತ್ರ ಕಂಡಿತು.

ಸುವಾರ್ತೆಯ ಆ ಮನುಷ್ಯನೂ ನೋಡಿಯೇ ತಿಳಿದಿರಬೇಕು.

ಮನೆಗೆ ಬಂದಾಗ ಸರೋಜ ರೊಟ್ಟಿ ಬಡಿಯುತ್ತಿದ್ದಳು. ಏನಾಯಿತು ಎಂದು ಕೇಳಲಿಲ್ಲ. ಹಿಟ್ಟಿನ ಕೈ ತೊಳೆದುಕೊಂಡು ಮಣೆ ಎಳೆದು, "ಕಾಲು ಕೊಡ್ರಿ" ಎಂದಳು. ತಿರುಗಿಸಿ ನೋಡಿದಳು, ಬೆರಳು ಬಿಡಿಸಿ ನೋಡಿದಳು.

"ಬೆರಳ ಸಂದ್ಯಾಗ ಹಸಿ ಹಂಗೇ ಬಿಟ್ಟಾರ. ಪಾಸ್ಟರಿಗೆ ಕಾಲು ತೊಳ್ಯಾಕ ಬರಂಗಿಲ್ಲ."

"ವರ್ಷಕ್ಕೊಮ್ಮೆ ತೊಳಿಯೋರು, ಪಾಪ," ಎಂದೆ.

ಅವಳು ಸೆರಗಿನ ತುದಿಯಿಂದ ಒಂದೊಂದೇ ಸಂದಿ ಒರೆಸಿದಳು. ನಾನು ಬಗ್ಗಿ ಅದನ್ನೂ ನೋಡಿದೆ.